ದಿನಕರನ ಕಾರಿನ ಬಾಲ

ಕುಮಟಾದ ಮೀನುಪೇಟೆ ಪಕ್ಕದಲ್ಲಿ ಬಲೆ, ಹಗ್ಗ ಮಾರುವ ದಿನಕರನ ಕೆಂಪು ಕಾರಿಗೆ ಹಿಂದಿನ ಟೈರು ಅಗಲ, ಮುಂದಿನದು ಕಿರಿದು. ಎಂಜಿನ್ನು ಬೆನ್ನ ಕಡೆ ಇರುವ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡೇ ಓಡುವ ಆ ಸ್ಪೋರ್ಟ್ಸ್ ಕಾರನ್ನು ಅವನು ದುಬೈಯಿಂದ ವಾಪಸಾದ ಭಟ್ಕಳದವರೊಬ್ಬರಿಂದ ಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಅವನು ನಡೆಯುವ ರೀತಿಯೇ ಬದಲಾಗಿತ್ತು. ಹಾಲಿನ ಅಂಗಡಿಗೂ ಕಾರಿನಲ್ಲೇ ಹೋಗಿ, ಇಳಿದು, ಎರಡು ಸಲ ಹಿಂತಿರುಗಿ ನೋಡಿ, ಆಮೇಲೆ ಹಾಲು ಕೇಳುತ್ತಿದ್ದ.

ಹಿಂದಿನ ಟೈರುಗಳು ಸವೆದು ಬೋಳಾದಾಗ ಅಷ್ಟು ಅಗಲದ ಟೈರು ಕಾರವಾರದಲ್ಲೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ತರಿಸಲು ಎರಡು ತಿಂಗಳು ಬೇಕೆಂದರು. ಅಕ್ಕ ಹೊನ್ನಮ್ಮನ ಮಗ ಮಂಜುವಿನ ಮದುವೆಗೆ ಉಳಿದದ್ದು ನಾಲ್ಕೇ ದಿನ. ಮದುಮಕ್ಕಳನ್ನು ವಧುವಿನ ಊರು ಭಟ್ಕಳದಿಂದ ಅಕ್ಕನ ಊರು ಹೊಳನಗದ್ದೆಗೆ ಇದೇ ಕಾರಿನಲ್ಲಿ ಕರೆತರುತ್ತೇನೆಂದು ಸೋದರಮಾವನಾದ ದಿನಕರ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಹಾಗಾಗಿ ಮುಂದಿನ ಅಳತೆಯದೇ ನಾಲ್ಕು ಹೊಸ ಟೈರು ಹಾಕಿಸಿದ. ಯಾರಾದರೂ ಕೇಳಿದರೆ, ಒಂದೇ ಮನೆಯ ಮಕ್ಕಳಲ್ಲಿ ಭೇದ ಮಾಡಬಾರದು ಎಂದು ಗಂಭೀರವಾಗಿ ಉತ್ತರಿಸುತ್ತಿದ್ದ.

ಮದುವೆಯ ದಿನ ಬೆಳಿಗ್ಗೆ ಏಳಕ್ಕೆ ದಿಬ್ಬಣ ಹೊರಡುವುದಿತ್ತು. ಹೊನ್ನಮ್ಮನ ಅಂಗಳದ ತುಂಬ ನೆಂಟರು. ದಿನಕರ ಕಾರನ್ನು ರಸ್ತೆಯ ತಿರುವಿನಿಂದ ರೊಯ್ಯನೆ ತಂದು ಚಪ್ಪರದ ಮುಂದೆ ಬ್ರೇಕ್ ಒತ್ತಿದ. ಮುಂಭಾಗ ನಿಂತಿತು. ಹಿಂಭಾಗಕ್ಕೆ ನಿಲ್ಲುವ ಮನಸ್ಸಿರಲಿಲ್ಲ. ಅದು ಮೊಸಳೆ ಬಾಲ ಬೀಸಿದಂತೆ ಬೀಸಿ, ಚಪ್ಪರದ ಒಂದು ಕಂಬವನ್ನೂ ಅದಕ್ಕೆ ಕಟ್ಟಿದ್ದ ಬಾಳೆಗಿಡವನ್ನೂ ಮಲಗಿಸಿತು. ಮದುಮಗ ಮಂಜು ಬಾಸಿಂಗ ಹಿಡಿದುಕೊಂಡು ಜಗಲಿಗೆ ಹಾರಿದ.

ಹೊನ್ನಮ್ಮ ಮೆಟ್ಟಿಲಿಳಿದು ಬಂದು ಕಂಬವನ್ನು ನೋಡಿದಳು, ಕಾರನ್ನು ನೋಡಿದಳು, ಕೊನೆಗೆ ತಮ್ಮನನ್ನು ನೋಡಿದಳು.

"ದಿನಕರಾ, ನಂಗೆ ಇರೂದು ಒಬ್ನೇ ಮಗ. ಅವ ಟೆಂಪೋದಲ್ಲೇ ಹೋಗ್ತ."

"ಅಕ್ಕಾ, ಹೊಸ ಟೈರು. ಹೊಂದ್ಕೊಳ್ಳೂಕೆ ಸ್ವಲ್ಪ ಹೊತ್ತು ಬೇಕು, ಅಷ್ಟೇ."

"ಹೊಂದ್ಕೊಳ್ಳಲಿ. ಸಂಜೆ ಸಮಾ ನಿಂತ್ರೆ ಮದುಮಕ್ಕಳು ಅದ್ರಲ್ಲೇ ಬರಲಿ. ಇಲ್ಲದಿದ್ರೆ ನೀನೂ ಬೇಡ, ನಿನ್ನ ಕಾರೂ ಬೇಡ."

ದಿಬ್ಬಣದ ಟೆಂಪೋ ಹೊರಟಿತು. ದಿನಕರನ ಮಾನ ಉಳಿಸಲು ಪಕ್ಕದ ಮನೆಯ ಹರಿಹರ ತಾನೇ ಮುಂದೆ ಬಂದು ಕಾರು ಹತ್ತಿದ. ಹರಿಹರ ಪಂಚಾಯತಿಯ ನಿವೃತ್ತ ಗುಮಾಸ್ತ. ಜೀವನದಲ್ಲಿ ಸೈಕಲ್ಲನ್ನೂ ಓಡಿಸಿದವನಲ್ಲ, ಆದರೆ ವಾಹನದ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಬಾಲ ಹಗುರವಾದದ್ದರಿಂದ ಬೀಸುತ್ತದೆ, ಭಾರ ಹೇರಿದರೆ ಅಡಗುತ್ತದೆ ಎಂಬುದು ಅವನ ತೀರ್ಮಾನ. ಗದ್ದೆ ಬದಿಯಲ್ಲಿ ಯಾರೋ ಮನೆ ಕಟ್ಟಲು ಒಟ್ಟಿದ್ದ ಚಿರೆಕಲ್ಲುಗಳಲ್ಲಿ ನಾಲ್ಕನ್ನು ಕೇಳಿ ತಂದು ಕಾರಿನ ಹಿಂದೆ ತುಂಬಿಸಿದ.

ಹಳದಿಪುರದವರೆಗೆ ದಿನಕರ ಬ್ರೇಕನ್ನು ಮುಟ್ಟಲೇ ಇಲ್ಲ. ಅಲ್ಲೊಂದು ಎಮ್ಮೆ ರಸ್ತೆ ದಾಟಲು ಬಂದು, ನಡುವೆ ನಿಂತು ಯೋಚಿಸತೊಡಗಿತು. ದಿನಕರ ಬ್ರೇಕ್ ಒತ್ತಿದ. ಕಲ್ಲಿನ ಭಾರಕ್ಕೆ ಬಾಲ ಬೀಸುವುದು ನಿಲ್ಲಲಿಲ್ಲ. ಬೀಸಿದ ಬಾಲ ವಾಪಸು ಬರುವುದು ಮಾತ್ರ ನಿಂತಿತು. ಕಾರು ಅರ್ಧ ಸುತ್ತು ಹೊಡೆದು, ಮೂತಿಯನ್ನು ಕುಮಟಾದ ಕಡೆ ಮಾಡಿಕೊಂಡು ನಿಂತಿತು. ಪುಣ್ಯಕ್ಕೆ ಹಿಂದೆ ಮುಂದೆ ವಾಹನವಿರಲಿಲ್ಲ. ಎಮ್ಮೆ ತನ್ನ ಯೋಚನೆ ಮುಗಿಸಿ ಹೋಯಿತು.

ಹರಿಹರ ಹಿಂದಕ್ಕೆ ತಿರುಗಿ ಕಲ್ಲುಗಳನ್ನು ಎಣಿಸಿದ. ಆಮೇಲೆ, ಐದನೆಯ ಕಲ್ಲು ಬೇಕಿತ್ತು ಅಂದ. ದಿನಕರ ಇಳಿದು ನಾಲ್ಕನ್ನೂ ರಸ್ತೆ ಬದಿಗಿಟ್ಟ.

ಹೊನ್ನಾವರದ ಗ್ಯಾರೇಜಿನಲ್ಲಿ ಕಾರು ನಿಂತ ಕೂಡಲೇ ಎದುರಿನ ಚಾದ ಅಂಗಡಿ ಖಾಲಿಯಾಗಿ ಜನ ಕಾರಿನ ಸುತ್ತ ಸೇರಿದರು. ಮೆಕ್ಯಾನಿಕ್ಕು ಮುಂದಿನ ಬಾನೆಟ್ ಎತ್ತಿ, ಒಳಗೆ ಎಂಜಿನ್ ಕಾಣದೆ, ದಿನಕರನ ಮುಖವನ್ನು ಅನುಮಾನದಿಂದ ನೋಡಿದ. ಅಲ್ಲಿದ್ದದ್ದು ವಧುವಿಗೆಂದು ತಂದ ಸೀರೆಯ ಪೆಟ್ಟಿಗೆ ಮಾತ್ರ. ಎಂಜಿನ್ ಹಿಂದಿದೆ ಎಂದು ವಿವರಿಸುವಾಗ ದಿನಕರನಿಗೆ ಅಂಥ ಸಂಕಟದಲ್ಲೂ ಎದೆ ಉಬ್ಬಿತು. ಕೇಳದವರಿಗೂ ಇನ್ನೊಮ್ಮೆ ವಿವರಿಸಿದ. ಮೆಕ್ಯಾನಿಕ್ಕು ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಹೇಳಿ, ಹಳೆ ಎಣ್ಣೆ ಬಸಿದು ಹೊಸದು ತುಂಬಿಸಿದ. ಅದರಿಂದ ಬ್ರೇಕು ಮೊದಲಿಗಿಂತ ಎರಡು ಪಾಲು ಬಲವಾಯಿತು. ಬಾಲವೂ ಎರಡು ಪಾಲು ಬೀಸತೊಡಗಿತು.

ಶರಾವತಿ ಸೇತುವೆಯನ್ನು ಅವರು ಮದುವೆಯ ಆನೆಯಂತೆ ದಾಟಿದರು. ಒಂದು ಸೈಕಲ್ಲು ಅವರನ್ನು ಹಿಂದೆ ಹಾಕಿ ಹೋಯಿತು. ಸೈಕಲ್ಲಿನವನು ತಿರುಗಿ ತಿರುಗಿ ನೋಡಿದ; ದಿನಕರ ಕನ್ನಡಕ ಸರಿಮಾಡಿಕೊಂಡು, ಸೇತುವೆಯ ಮೇಲಿನ ಗಾಳಿ ಸೇವಿಸುತ್ತಿರುವವನಂತೆ ಕೂತ.

ಭಟ್ಕಳ ಮುಟ್ಟುವಾಗ ಮುಹೂರ್ತ ಮುಗಿದಿತ್ತು. ಕಲ್ಯಾಣ ಮಂಟಪದೊಳಗಿಂದ ಸಾರಿನ ಪರಿಮಳ ರಸ್ತೆಯವರೆಗೆ ಬರುತ್ತಿತ್ತು. ಊಟ ಮಾಡಿಯೇ ಹೋಗೋಣವೆಂದು ಹರಿಹರ ಬೇಡಿಕೊಂಡ. ಕಾರು ಸರಿಯಾಗದೆ ಅಕ್ಕನಿಗೆ ಮುಖ ತೋರಿಸುವುದಿಲ್ಲ ಎಂದು ದಿನಕರ ಹಟ ಹಿಡಿದು, ಅದನ್ನು ತನಗೆ ಮಾರಿದವರನ್ನೇ ಫೋನಿನಲ್ಲಿ ವಿಚಾರಿಸಿ, ಶಾಬಂದ್ರಿ ಸಾಹೇಬರ ಗ್ಯಾರೇಜಿಗೆ ಕಾರು ತಿರುಗಿಸಿದ.

ಶಾಬಂದ್ರಿ ಸಾಹೇಬರು ಇಪ್ಪತ್ತೆರಡು ವರ್ಷ ದುಬೈಯಲ್ಲಿ ಇಂಥದೇ ಕಾರುಗಳ ಕೆಳಗೆ ಮಲಗಿ ಬಂದವರು. ಬಿಳಿ ಗಡ್ಡ, ಮಾತು ಕಡಿಮೆ. ಅವರು ಬಾನೆಟ್ ಎತ್ತಲಿಲ್ಲ. ಕಾರಿನ ಸುತ್ತ ಒಮ್ಮೆ ನಡೆದು, ಹಿಂದಿನ ಟೈರಿನ ಮೇಲೆ ಗೇಣು ಇಟ್ಟು, ಮುಂದಿನದರ ಮೇಲೂ ಇಟ್ಟು ನೋಡಿದರು.

"ಇದನ್ನ ಯಾರು ಸಮ ಮಾಡಿದ್ದು?"

ದಿನಕರ, ಮನೆಯ ಮಕ್ಕಳ ಮಾತನ್ನು ಅಲ್ಲೂ ಹೇಳಿದ.

"ಹಿಂದಿನವ ಎಂಜಿನ್ ಹೊತ್ಕೊಂಡು ಓಡ್ತಾನೆ. ಮುಂದಿನವ ಕೈ ಬೀಸ್ಕೊಂಡು ಓಡ್ತಾನೆ. ಇಬ್ರಿಗೂ ಒಂದೇ ಅಳತೆ ಚಪ್ಪಲಿ ಕೊಟ್ರೆ ಜಾರೂದು ಯಾರು?" ಎಂದು ಸಾಹೇಬರು ಕೇಳಿದರು.

ವಿಷಯ ಅಷ್ಟೇ ಆಗಿತ್ತು. ಹಿಂದಿನ ಟೈರು ಕಿರಿದಾಗಿ ನೆಲ ಹಿಡಿಯುವುದು ಕಡಿಮೆಯಾಗಿತ್ತು. ಬ್ರೇಕು ಮಾತ್ರ ಅಗಲ ಟೈರೇ ಇದೆಯೆಂದು ಹಿಂದಿನ ಚಕ್ರಗಳನ್ನು ಹಳೆಯ ಬಲದಲ್ಲೇ ಹಿಡಿಯುತ್ತಿತ್ತು. ಮುಂದಿನವಕ್ಕಿಂತ ಮೊದಲೇ ಅವು ಬಿಗಿದು ಜಾರುತ್ತಿದ್ದವು. ಸಾಹೇಬರು ಹಿಂದಿನ ಬ್ರೇಕಿಗೆ ಹೋಗುವ ಒತ್ತಡ ತಗ್ಗಿಸಲು ಪೈಪಿನ ನಡುವೆ ಒಂದು ಸಣ್ಣ ವಾಲ್ವು ಕೂಡಿಸಿದರು. ಹಿಂದಿನ ಎರಡೂ ಚಕ್ರಗಳ ಮೂತಿಯನ್ನು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಿದರು. ಗಾಳಿಯನ್ನು ಅಳೆದು ತುಂಬಿದರು. ಅಗಲ ಟೈರು ಬಂದ ದಿನವೇ ಬದಲಾಯಿಸಬೇಕು, ಅಲ್ಲಿಯವರೆಗೆ ಹಾರಾಟ ಬೇಡ ಎಂದು ಎಚ್ಚರಿಸಿ, ಪಕ್ಕದ ಖಾಲಿ ಮೈದಾನದಲ್ಲಿ ಹತ್ತು ಸಲ ಓಡಿಸಿ, ಹತ್ತು ಸಲ ನಿಲ್ಲಿಸಿ ನೋಡಿದರು. ಒಂಬತ್ತನೆಯದಕ್ಕೇ ದಿನಕರನ ಕಣ್ಣಲ್ಲಿ ನೀರು ಬಂದಿತ್ತು. ಹರಿಹರನ ಕಣ್ಣಲ್ಲೂ ಬಂದಿತ್ತು, ಅದು ಹಸಿವೆಗೆ.

ಮಂಟಪಕ್ಕೆ ಬಂದಾಗ ನಾಲ್ಕು ಗಂಟೆ. ಪಾತ್ರೆ ತೊಳೆಯುತ್ತಿದ್ದರು. ದಿನಕರನ ಬಿಳಿ ಅಂಗಿ ಗ್ರೀಸಿನಲ್ಲಿ ಮಿಂದಿತ್ತು. ಆದರೂ ಅವನು ಕಾರಿಳಿದು ನಿಂತ ಠೀವಿ ನೋಡಿ, ವಧುವಿನ ಕಡೆಯ ಇಬ್ಬರು ಮುದುಕರು ಎದ್ದು ನಮಸ್ಕಾರ ಮಾಡಿದರು.

ಹೊನ್ನಮ್ಮ ಮಾತನ್ನು ನಂಬುವವಳಲ್ಲ. ರಂಗೋಲಿ ಪುಡಿ ತರಿಸಿ ಮಂಟಪದ ಅಂಗಳದ ಉದ್ದಕ್ಕೂ ನೇರ ಗೆರೆ ಎಳೆಸಿದಳು. ಗೆರೆ ಎಡಬಲದ ಚಕ್ರಗಳ ನಡುವೆ ಇರಬೇಕು, ಅಳಿಸಬಾರದು ಎಂಬುದು ಪರೀಕ್ಷೆ. ನೆಂಟರೆಲ್ಲ ಎರಡೂ ಬದಿಗೆ ಸಾಲುಗಟ್ಟಿದರು. ದಿನಕರ ದೇವರನ್ನು ನೆನೆದು, ಕಾರನ್ನು ಹಿಂದಕ್ಕೆ ಒಯ್ದು, ಓಡಿಸಿಕೊಂಡು ಬಂದು ಬ್ರೇಕ್ ಒತ್ತಿದ. ಕಾರು ಮೂತಿಯನ್ನೊಮ್ಮೆ ತಗ್ಗಿಸಿ, ಶಿಸ್ತಿನ ಹುಡುಗಿಯಂತೆ ಇದ್ದಲ್ಲೇ ನಿಂತಿತು. ಗೆರೆಯ ಒಂದು ಚಿಟಿಕೆ ಪುಡಿಯೂ ಕದಲಲಿಲ್ಲ.

ಚಪ್ಪಾಳೆ ಬಿತ್ತು. ಹೊನ್ನಮ್ಮ ಎಲ್ಲರೆದುರಿಗೆ ತಮ್ಮನ ತಲೆ ಮುಟ್ಟಿ, "ಆತು. ನಮ್ಮ ದಿನಕರ ಹೇಳಿದ್ರೆ ಮಾಡ್ತ" ಅಂದಳು. ಆ ಕ್ಷಣ ದಿನಕರನಿಗೆ ಹಸಿವೆ, ಎಮ್ಮೆ, ಸೈಕಲ್ಲು ಎಲ್ಲ ಮರೆತುಹೋಯಿತು.

ಮುತ್ತೈದೆಯರು ಮದುಮಕ್ಕಳನ್ನು ಕರೆತಂದರು. ಮಂಜುವನ್ನು ಎಡಗಡೆ ಕೂಡಿಸಿ ಬಾಗಿಲು ಹಾಕಿದರು. ಉಳಿದ ಸೀಟು ಇನ್ನೊಂದೇ. ಮದುಮಗಳು ಸುಶ್ಮಿತಾಳನ್ನು ಅದರಲ್ಲಿ ಕೂಡಿಸಿದರು. ದಿನಕರ ಕೀಯನ್ನು ಬೆರಳಲ್ಲಿ ತಿರುಗಿಸುತ್ತ ಕಾರನ್ನು ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಮೂರನೆಯ ಸುತ್ತಿಗೆ ನಿಂತುಬಿಟ್ಟ.

ಬ್ರೇಕಿನ ಚಿಂತೆಯಲ್ಲಿ ಬೆಳಗಿನಿಂದ ಊರಿಗೆ ಊರೇ ಮುಳುಗಿತ್ತು. ಮದುಮಗ, ಮದುಮಗಳು ಮತ್ತು ಡ್ರೈವರು ಸೇರಿ ಮೂರು ಜನವಾಗುತ್ತಾರೆ ಎಂದು ಲೆಕ್ಕ ಹಾಕಿದವರು ಒಬ್ಬರೂ ಇರಲಿಲ್ಲ.

ಎಲ್ಲರೂ ಮಂಜುವನ್ನು ನೋಡಿದರು. ತನಗೆ ಬೋಟು ಬಿಟ್ಟರೆ ಬೇರೆ ಯಾವುದನ್ನೂ ಓಡಿಸಲು ಬರುವುದಿಲ್ಲ ಎಂದು ಅವನು ಬಾಸಿಂಗದ ಒಳಗಿನಿಂದಲೇ ಹೇಳಿದ. ಆಗ ಸುಶ್ಮಿತಾ ಬಳೆ ತುಂಬಿದ ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿದಳು.

"ಮಾವ, ಕೀ ಕೊಡಿ."

ಅಪ್ಪನ ಮೀನಿನ ಪಿಕಪ್ಪನ್ನು ಅವಳು ಐದು ವರ್ಷದಿಂದ ಭಟ್ಕಳ ಬಂದರಿನಿಂದ ಮಲ್ಪೆಗೆ ಓಡಿಸುತ್ತಿದ್ದಳಂತೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಿ ಸರಿಮಾಡಿಕೊಂಡು, ಗೆರೆಯನ್ನು ಅಳಿಸದಂತೆ ಕಾರನ್ನು ಅಂಗಳದಿಂದ ಹೊರಗೆ ತೆಗೆದಳು.

ದಿನಕರನಿಗೆ ಟೆಂಪೋದಲ್ಲಿ, ಹಾಡು ಹೇಳುವ ಹೆಂಗಸರ ನಡುವೆ ಜಾಗ ಸಿಕ್ಕಿತು. ತೊಡೆಯ ಮೇಲೆ ಲಾಡಿನ ದೊಡ್ಡ ಡಬ್ಬಿ ಇಟ್ಟರು. ಹೊನ್ನಾವರದ ಸರ್ಕಲ್ಲಿನಲ್ಲಿ ಒಂದು ರಿಕ್ಷಾ ಅಡ್ಡ ಬಂದಾಗ, ಮುಂದೆ ಹೋಗುತ್ತಿದ್ದ ಕೆಂಪು ಕಾರು ದಾರ ಎಳೆದಂತೆ ನೇರವಾಗಿ ನಿಂತದ್ದನ್ನು ಅವನು ಕಣ್ಣಾರೆ ಕಂಡ. ಬಾಲ ಒಂದಿಷ್ಟೂ ಅಲ್ಲಾಡಲಿಲ್ಲ, ನೋಡಿದಿರಾ ಎಂದು ಪಕ್ಕದವರನ್ನು ಕೇಳಿದ. ಹಾಡಿನ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ರಸ್ತೆ ಬದಿಯಲ್ಲಿ ಜನ ಫೋನು ಎತ್ತಿ ಫೋಟೋ ತೆಗೆಯುತ್ತಿದ್ದರು. ಒಬ್ಬಾತ ಹಿಂದೆ ನಿಂತಿದ್ದ ಟೆಂಪೋದ ಕಿಟಕಿಗೆ ಬಂದು, ಆ ಕಾರು ಯಾರದು ಎಂದು ಕೇಳಿದ. ದಿನಕರ ಡಬ್ಬಿಯ ಹಿಂದಿನಿಂದ ಕತ್ತು ನೀಳಮಾಡುವಷ್ಟರಲ್ಲಿ ಮುಂದಿನ ಸೀಟಿನ ಹೊನ್ನಮ್ಮ ಹೆಮ್ಮೆಯಿಂದ ಹೇಳಿಬಿಟ್ಟಿದ್ದಳು.

"ನಮ್ಮ ಸೊಸೀದು."

ದಿನಕರ ಬಾಯಿ ತೆರೆದ. ಅಷ್ಟರಲ್ಲಿ ಟೆಂಪೋದ ಡ್ರೈವರು ಗೇರು ಹಾಕುತ್ತ ಹಿಂದಕ್ಕೆ ತಿರುಗಿದ.

"ಲಾಡಿನ ಡಬ್ಬಿ ಗಟ್ಟಿ ಹಿಡ್ಕಳಿ ಮಾರಾಯ್ರೆ. ಇದ್ರ ಬ್ರೇಕು ಸಮಾ ಇಲ್ಲ, ಒತ್ತಿದ್ರೆ ಒಂದು ಬದಿಗೆ ಎಳೀತದೆ."