ರಾಡಾರ್ ಕಂಡ ತಗಡು

ಇಷ್ಟಕ್ಕೆಲ್ಲ ಕಾರಣ ಚಿನ್ನಯ್ಯ ಮಗಳ ಮೆಹಂದಿಗೆಂದು ಹಾಕಿಸಿದ ತಗಡಿನ ಚಪ್ಪರ.

ಸಿದ್ಧಕಟ್ಟೆಯ ಗುಡ್ಡದ ಮೇಲಿನ ಮಳೆ ರಾಡಾರಿನಲ್ಲಿ ಕೇಶವಪ್ರಸಾದ ಭಟ್ಟ ಹಂಗಾಮಿ ನೌಕರ. ಮೇಲಿನಿಂದ ಉಪಗ್ರಹ ಹೇಳುವ ಮಳೆಯನ್ನು ನೆಲದ ರಾಡಾರ್ ಹೇಳುವ ಮಳೆಯೊಂದಿಗೆ ತಾಳೆ ನೋಡುವುದು ಅವನ ಕೆಲಸ. ಎರಡು ತಿಂಗಳಿಂದ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. "ಇವತ್ತು ಮೂರು ಗಂಟೆಗೆ ಉಪಗ್ರಹ ಬರ್ತದೆ. ಈ ಸಲವೂ ತಾಳೆಯಾಗದಿದ್ರೆ ನಿಮ್ಮ ಜಾಗಕ್ಕೆ ಬೇರೆಯವರು" ಎಂದು ಮೇಲಧಿಕಾರಿ ಶುಭಶ್ರೀ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರು.

ಹತ್ತು ಗಂಟೆಗೆ ತಲೆ ಸಿಡಿಯುವ ಬಿಸಿಲು. ಪರದೆಯಲ್ಲಿ ಮಾತ್ರ ಗುಡ್ಡದ ಬುಡದಲ್ಲೇ ಕೆಂಪು ಚುಕ್ಕೆ, ಅಂದರೆ ಜಡಿಮಳೆ. ಇಣುಕಿದರೆ ಚಿನ್ನಯ್ಯನ ಅಂಗಳದಲ್ಲಿ ಹೊಸ ತಗಡು ಹೊಳೆಯುತ್ತಿತ್ತು. ರಾಡಾರಿನ ಅಲೆ ತಗಡಿಗೆ ಬಡಿದು ಹಿಂತಿರುಗಿದರೂ ಆ ಬಡಪಾಯಿ ಯಂತ್ರಕ್ಕೆ ಅದು ಮಳೆಯೇ. ಕೇಶವಪ್ರಸಾದ ಗುಡ್ಡ ಇಳಿದು ಓಡಿದ.

"ಚಿನ್ನಯ್ಯಣ್ಣ, ನಿಮ್ಮ ಚಪ್ಪರ ತೆಗೀಬೇಕು. ರಾಡಾರಿನಲ್ಲಿ ಇಲ್ಲಿ ದೊಡ್ಡ ಮಳೆ ಕಾಣ್ತಾ ಉಂಟು."

"ಮಳೆ ಉಂಟಾದ್ರೆ ಚಪ್ಪರ ತೆಗೆಯುವುದಾ ಭಟ್ರೆ?" ಎಂದು ಚಿನ್ನಯ್ಯ ಆಳುಗಳತ್ತ ತಿರುಗಿದ. "ಇನ್ನೂ ಇಪ್ಪತ್ತು ತಗಡು ತನ್ನಿ ಮಾರಾಯ್ರೆ."

"ಅದು ಮಳೆ ಅಲ್ಲ, ತಗಡು."

"ನೀವು ಓದಿದವರು. ಸುಮ್ಮನೆ ಹೇಳ್ಲಿಕ್ಕಿಲ್ಲ."

ಚಿನ್ನಯ್ಯನ ಹೆಂಡತಿ ಸರಸಳ ಬಾಯಿಂದ ಸುದ್ದಿ ಊರು ಸುತ್ತಿತು. ಮಧ್ಯಾಹ್ನದೊಳಗೆ ಸೌದೆ ರಾಶಿಗೂ ದನದ ಕೊಟ್ಟಿಗೆಗೂ ತಗಡು ಬಿತ್ತು. ಪರದೆ ಕುಂಕುಮ ಚೆಲ್ಲಿದ ಹಾಗಾಯಿತು. ಕೇಶವಪ್ರಸಾದನಿಗೆ ಅಳು ಬರುವುದೊಂದು ಬಾಕಿ.

ಮೂರಕ್ಕೆ ಹತ್ತು ನಿಮಿಷ ಇರುವಾಗ, ಊರಿನ ದಿಕ್ಕಿನಿಂದ ಏನು ಬಂದರೂ ಅಳಿಸಿಬಿಡು ಎಂದು ಯಂತ್ರಕ್ಕೆ ಆಜ್ಞೆ ಕೊಟ್ಟ. ಪರದೆ ತೊಳೆದಿಟ್ಟಂತೆ ಸ್ವಚ್ಛವಾಯಿತು. ಗೆದ್ದೆನೆಂದು ಖುಷಿಯಲ್ಲಿ ಚಿನ್ನಯ್ಯನ ಮನೆಗೆ ಊಟಕ್ಕಿಳಿದ.

ಎಲೆಗೆ ಅನ್ನ ಬೀಳುವಷ್ಟರಲ್ಲಿ ಗುಡುಗಿತು. ಗುಡ್ಡದ ಆಚೆ ಬಿಸಿಲು, ಈಚೆ ಮಳೆ ಧೋ ಎಂದು ಸುರಿಯಿತು. ಅವನ ಫೋನೂ ಬಡಿದುಕೊಂಡಿತು.

"ಉಪಗ್ರಹ ಸಿದ್ಧಕಟ್ಟೆಯಲ್ಲಿ ಜೋರು ಮಳೆ ಅಂತದೆ. ನಿಮ್ಮ ರಾಡಾರಿನಲ್ಲಿ ಒಂದು ಹನಿಯೂ ಇಲ್ಲ" ಎಂದರು ಶುಭಶ್ರೀ. "ಅಲ್ಲಿ ಏನದು ಶಬ್ದ?"

"ಮಳೆ, ಮೇಡಂ."

ಚಿನ್ನಯ್ಯ ಅಭಿಮಾನದಿಂದ ಫೋನಿನತ್ತ ಬಗ್ಗಿದ. "ನಮ್ಮ ಭಟ್ರಿಗೆ ಬೆಳಿಗ್ಗೆ ಹತ್ತಕ್ಕೇ ಗೊತ್ತಿತ್ತು ಮೇಡಂ. ಊರಿಗೆಲ್ಲ ಹೇಳಿದ್ದಾರೆ."

ಆ ಕಡೆ ಕೀಲಿಮಣೆಯ ಟಕಟಕ; ಶುಭಶ್ರೀ ಯಂತ್ರಕ್ಕೆ ಕೊಟ್ಟ ಆಜ್ಞೆಗಳ ದಾಖಲೆ ತೆರೆದಿದ್ದರು.

"ಹೌದಾ ಕೇಶವಪ್ರಸಾದ್? ಮತ್ತೆ ಅಳಿಸಿದ್ದು ಯಾಕೆ?"