ಪದ ಸಿಗದ ಆಟೋ

ನಮ್ಮ ಸೋದರಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಇಂಗ್ಲಿಷ್ ಪದಗಳು ಬರುತ್ತವೆ! ಎರಡಕ್ಕೂ ಏನು ವ್ಯತ್ಯಾಸ ಎನ್ನುವವರು ಒಂದು ದಿನ ಅವರ ಜೊತೆ ಅವಿನಾಶಿ ಊರಿನ ನಮ್ಮ ಆಟೋ ಸ್ಟ್ಯಾಂಡಿಗೆ ಬರಬೇಕು. ಕೊಡೆ, ನೀರಿನ ಬಾಟಲಿ ತಂದರೆ ಒಳ್ಳೆಯದು. ಕೂರಲು ಅಲ್ಲಿ ಜಾಗವಿಲ್ಲ. ನಾನು ಹದಿನೈದು ವರ್ಷದಿಂದ ನಿಂತೇ ಇದ್ದೇನೆ.

ಸಂಗತಿ ಇಷ್ಟೆ. ಯಾವ ಗಾಡಿ ಹತ್ತುವ ಮೊದಲೂ ಮಾವ ಅದರ ನಂಬರ್ ಪ್ಲೇಟ್ ನೋಡುತ್ತಾರೆ. ಅಂಕಿ ಅವರಿಗೆ ಬೇಡ, ಅಕ್ಷರ ಬೇಕು. ತಮಿಳುನಾಡಿನ ಗಾಡಿ ಎಂದ ಮೇಲೆ ಟಿ, ಎನ್ ಇದ್ದೇ ಇರುತ್ತವೆ. ಮುಂದೆ ಇನ್ನೆರಡು ಅಕ್ಷರ. ಈ ನಾಲ್ಕೂ ಒಳಗೆ ಎಲ್ಲಾದರೂ ಬರುವಂಥ ಒಂದು ಇಂಗ್ಲಿಷ್ ಪದ ಸಿಗಬೇಕು. ಸಿ, ಕೆ ಬಂತೋ, ‘ಕಿಚನ್!’ ಎಂದು ಹತ್ತಿ ಕೂರುತ್ತಾರೆ. ಪದ ಸಿಗದಿದ್ದರೆ? ಗಾಡಿ ಹೋಗುತ್ತದೆ, ನಾವು ಇರುತ್ತೇವೆ.

ಈ ಹುಚ್ಚು ಎಲ್ಲಿಂದ ಅಂಟಿತು ಎಂದರೆ, ತಿರುಪ್ಪೂರಿನಿಂದ. ಬನಿಯನ್ನಿನ ಕುತ್ತಿಗೆಗೆ ಹೊಲಿಯುವ ಲೇಬಲ್ ಇರುತ್ತದಲ್ಲ, ಅದನ್ನು ನೇಯುವ ಮಗ್ಗದ ಮುಂದೆ ಮಾವ ಮೂವತ್ತು ವರ್ಷ ನಿಂತವರು. ಓದಿದ್ದು ತಮಿಳಿನಲ್ಲಿ ಎಂಟನೇ ಕ್ಲಾಸು. ಆದರೂ ಒಂದು ಅಕ್ಷರ ತಪ್ಪಿದರೆ ಇಡೀ ಸುರುಳಿ ಕಸಕ್ಕೆ, ಹಾಗಾಗಿ ಕಣ್ಣು ರೆಪ್ಪೆ ಬಡಿಯದೆ ಇಂಗ್ಲಿಷ್ ಅಕ್ಷರಗಳನ್ನೇ ಕಾಯುತ್ತಿದ್ದರು. ಹಳೇ ಪೇಪರ್ ಅಂಗಡಿಯಲ್ಲಿ ಒಂದು ನಿಘಂಟು ಬೇರೆ ಸಿಕ್ಕಿತು. ಮಗ್ಗ ಬಿಟ್ಟರು, ಅಕ್ಷರ ಬಿಡಲಿಲ್ಲ. ಫೋನಿನಲ್ಲಿ ಹುಡುಕಿ ಕೊಡೋಣವೆಂದರೆ ಅದು ಅವರ ಪ್ರಕಾರ ಕಳ್ಳತನ.

ಒಮ್ಮೆ ಮೆಟ್ಟುಪಾಳ್ಯದಲ್ಲಿ ನೆಂಟರ ಮದುವೆ. ಬಂದ ಆಟೋ ಬಿ, ಕ್ಯೂ! ಮಾವ ಆಕಾಶ ನೋಡಿದರು, ಭೂಮಿ ನೋಡಿದರು. ಅತ್ತೆ ರೇಷ್ಮೆ ಸೀರೆಯಲ್ಲಿ ಬೆವರಿ ಬೆವರಿ ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು. ಮುಕ್ಕಾಲು ಗಂಟೆಯಾದ ಮೇಲೆ ಮಾವ ‘ಬ್ಯಾಂಕ್ವೆಟ್!’ ಎಂದು ಕುಣಿದರು. ಬ್ಯಾಂಕ್ವೆಟ್ ಎಂದರೆ ಔತಣ. ನಾವು ಹೋಗಿ ಸೇರುವಾಗ ಔತಣ ಮುಗಿದು ಎಲೆ ಎತ್ತುತ್ತಿದ್ದರು. ನಮಗೆ ಉಳಿದಿದ್ದು ರಸಂ.

ನನಗೆ ಹೆಣ್ಣು ನೋಡಲು ಕೊಯಮತ್ತೂರಿಗೆ ಹೋದ ಕತೆ ಇನ್ನೂ ಚೆಂದ. ಹೆಣ್ಣಿನ ತಂದೆ ಹೊಸ ಕಾರಿನ ಪಕ್ಕ ನಿಂತು ಕೈಮುಗಿದು ‘ಬನ್ನಿ’ ಎಂದರು. ಕಾರಿನ ಅಕ್ಷರ ಬಿ, ಡಿ. ಮಾವ ಅವರ ಕಡೆ ಬೆರಳು ಚಾಚಿ ‘ಬ್ಯಾಂಡಿಟ್!’ ಎಂದು ಕೂಗಿದರು. ದುರದೃಷ್ಟಕ್ಕೆ ಆ ಮಹಾನುಭಾವರಿಗೆ ಬ್ಯಾಂಡಿಟ್ ಎಂದರೆ ದರೋಡೆಕೋರ ಎಂದು ಗೊತ್ತಿತ್ತು. ಕಾಫಿ ಕೊಟ್ಟರು, ಹೆಣ್ಣು ಕೊಡಲಿಲ್ಲ.

ಕೊನೆಗೆ ಮೈಸೂರಿನಲ್ಲಿ ಹೆಣ್ಣು ನೋಡಿದೆವು. ಅಲ್ಲಿನ ಗಾಡಿಗಳಲ್ಲಿ ಟಿ, ಎನ್ ಇಲ್ಲ, ಕೆ, ಎ. ಮಾವ ಅಭ್ಯಾಸವಿಲ್ಲದೆ ಬಾಯಿ ಮುಚ್ಚಿಕೊಂಡಿದ್ದರು. ಮದುವೆ ನಡೆಯಿತು! ನಮ್ಮ ಮನೆಗಳಲ್ಲಿ ಕನ್ನಡ ಬಾಯಲ್ಲಷ್ಟೇ ಇರುವುದು. ನನಗೆ ಕನ್ನಡ ಬರೆಯಲು ಕಲಿಸಿದವಳು ಆ ಮೈಸೂರಿನವಳೇ. ಮಾವನಿಗೆ ಮಾತ್ರ ಕನ್ನಡದ ಒಂದು ಅಕ್ಷರವೂ ಓದಲು ಬಾರದು. ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಅತ್ತೆಗೆ ಯಾವ ಅಕ್ಷರವೂ ಬಾರದು. ಪಕ್ಕದ ಮನೆಯಿಂದ ಬಂದು ನನ್ನೆದುರು ಕೂತು ಗೊಣಗುತ್ತಿದ್ದರು. “ನಲವತ್ತು ವರ್ಷ ಆಯ್ತು ಕಣಪ್ಪ. ವಂಡಿ ನಂಬರ್ ನೋಡಿದಷ್ಟು ಹೊತ್ತು ನನ್ ಮೊಕ ನೋಡಿಲ್ಲ ನಿಂ ಮಾವ. ಕಿಚನ್ ಕಿಚನ್ ಅಂತಾರೆ, ಆ ಕಿಚನ್ನಲ್ಲಿ ನಾನ್ ಒಬ್ಬಳು ಇದ್ದೀನಿ ಅಂತ ಗೊತ್ತಾ ಅವರಿಗೆ? ಒಂದೇ ಒಂದ್ ಸಲ ವಂಡಿ ಬಿಟ್ಟು ನನ್ನ ನೋಡ್ಲಿ, ಸಾಕು.”

ಆಮೇಲೆ ನಮ್ಮ ಸ್ಟ್ಯಾಂಡಿಗೆ ಬಿ, ಎಕ್ಸ್ ಬಂತು. ಅಯ್ಯೋ ಶನಿಯೇ! ಟಿ, ಎನ್, ಬಿ, ಎಕ್ಸ್. ಮಾವ ನಿಘಂಟು ಎರಡು ಸಲ ಓದಿದರು. ಬೆರಳು ಮಡಚಿದರು, ಊಟ ಬಿಟ್ಟರು. ಪದ ಸಿಗಲಿಲ್ಲ. ಮೂರು ವರ್ಷ ಆ ಆಟೋ ನಮ್ಮೆದುರೇ ಖಾಲಿ ನಿಂತಿರುತ್ತಿತ್ತು, ನಾವು ಬಿಸಿಲಲ್ಲಿ ಬೇರೆ ಆಟೋಗೆ ಕಾಯುತ್ತಿದ್ದೆವು. ಡ್ರೈವರ್ ದಿನಾ ಕೈಮುಗಿದು ಕರೆಯುವನು. “ವಾಂಗ ಅಯ್ಯಾ, ನನ್ ವಂಡಿ ಏನ್ ಪಾಪ ಮಾಡ್ತು?”

“ನಿನ್ ಮೇಲೆ ಕೋಪ ಇಲ್ಲಪ್ಪ. ಪದ ಇಲ್ಲದ ವಂಡಿ ಹತ್ತಿದ್ರೆ ಮನಸ್ಸು ನೆಲೆ ನಿಲ್ಲಲ್ಲ” ಎಂದು ಮಾವ ಸಮಾಧಾನ ಹೇಳುವರು. ನನ್ನ ಮನಸ್ಸು ನೆಲೆ ತಪ್ಪಿ ಎಷ್ಟು ವರ್ಷವಾಯಿತೆಂದು ಯಾರಾದರೂ ಕೇಳಿದರೇ?

ಹೋದ ವರ್ಷ ಒಂದು ಮಧ್ಯಾಹ್ನ ಅತ್ತೆ ಒಲೆಯ ಮುಂದೆ ಎದೆ ಹಿಡಿದುಕೊಂಡು ಕುಸಿದರು. ಮಾವನ ಕೂಗು ಕೇಳಿ ನಾನು ಸ್ಟ್ಯಾಂಡಿಗೆ ಓಡಿದೆ. ಅಲ್ಲಿದ್ದದ್ದು ಒಂದೇ ಆಟೋ. ಬಿ, ಎಕ್ಸ್!

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ನಿಂತೆ. ಇದನ್ನು ಕರೆದೊಯ್ದರೆ ಮಾವ ಹತ್ತುತ್ತಾರೋ ಇಲ್ಲವೋ ಎಂದು ಯೋಚಿಸುತ್ತ ನಿಂತುಬಿಟ್ಟೆ. ತಿರುಗಿ ನೋಡಿದರೆ ಮಾವ ಅತ್ತೆಯನ್ನು ಎರಡು ಕೈಯಲ್ಲೂ ಎತ್ತಿಕೊಂಡು ಬರಿಗಾಲಲ್ಲಿ ಬೀದಿಗೆ ಬಂದಿದ್ದರು. ಸೀದಾ ಹತ್ತಿ ಕೂತರು. ಆಸ್ಪತ್ರೆಯವರೆಗೂ ಅವರ ಕಣ್ಣು ಅತ್ತೆಯ ಮುಖದಿಂದ ಆಚೀಚೆ ಹೋಗಲಿಲ್ಲ.

ಅತ್ತೆ ಉಳಿದರು. ನಾಲ್ಕನೇ ದಿನ ಆ ಡ್ರೈವರ್ ಎಳನೀರು ಹಿಡಿದು ನೋಡಲು ಬಂದ. “ಅಮ್ಮಾ, ಅಯ್ಯಾ ಕಡೇಗೂ ನನ್ ವಂಡಿ ಹತ್ತಿಬಿಟ್ರು!” ಎಂದ.

ಅತ್ತೆ ಮಾವನ ಕಡೆ ತಿರುಗಿದರು. “ಆ ಪದ ಇಲ್ಲದ ವಂಡಿಲಾ ನನ್ನ ತಂದದ್ದು?”

ಮಾವ ಬೆಪ್ಪಾಗಿ ನಮ್ಮನ್ನೆಲ್ಲ ನೋಡಿದರು. “ಅದಾ? ನಾನು ನೋಡ್ಲೇ ಇಲ್ಲವಲ್ಲ” ಎಂದವರೇ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಪ್ಲೇಟ್ ನೋಡಿದವನು ನಾನು! ಹದಿನೈದು ವರ್ಷ ಯಾರನ್ನು ಹುಚ್ಚ ಎನ್ನುತ್ತಿದ್ದೆನೋ ಅವರು ನೋಡಲಿಲ್ಲ.

ಮನೆಗೆ ಕಳಿಸಿದ ದಿನ ಆಸ್ಪತ್ರೆಯ ಗೇಟಿನಲ್ಲಿ ಅದೇ ಆಟೋ ಬಂದು ನಿಂತಿತು. ಮಾವ ಬೇಗ ಹತ್ತು ಎಂದರು. ಅತ್ತೆ ಹತ್ತಲಿಲ್ಲ. “ಪದ?” ಎಂದರು.

“ಸಿಕ್ಕಿಲ್ಲ ಕಣೆ. ಬೇಡ ಬಿಡು, ಬಿಸಿಲು.”

“ಹಾಗಾದ್ರೆ ಬಾಕಿ ಇರ್ಲಿ. ಮನೇಲಿ ಇಬ್ಬರೂ ಕೂತ್ಕೊಂಡು ಹುಡುಕುವ” ಎಂದು ಅವರ ಭುಜ ಹಿಡಿದು ಹತ್ತಿದರು.

ಈಗ ಸಂಜೆಯಾದರೆ ಇಬ್ಬರೂ ಜಗಲಿಯ ಮೇಲೆ ಕೂರುತ್ತಾರೆ. ಮಾವ ನಿಘಂಟಿನಿಂದ ಒಂದೊಂದೇ ಪದ ಓದಿ ಅರ್ಥ ಹೇಳುತ್ತಾರೆ. ಅಕ್ಷರ ಬಾರದ ಅತ್ತೆ, “ಇದರಲ್ಲಿ ಎಕ್ಸ್ ಇದೆಯಾ?” ಎಂದು ಕೇಳುತ್ತಾರೆ. ಇಲ್ಲ ಎಂದು ಹೇಳಲು ಮಾವ ತಲೆಯೆತ್ತಿ ಅವರ ಮುಖ ನೋಡಲೇಬೇಕು. ಪುಟಕ್ಕೆ ನಲವತ್ತು ಸಲವಾದರೂ ನೋಡುತ್ತಾರೆ.

ಆ ಪದ ಹೋದ ತಿಂಗಳು ನನಗೆ ಸಿಕ್ಕಿತು. ಮಾವನ ನಿಘಂಟಿನಲ್ಲಿ ಇ, ಐ ಅಕ್ಷರಗಳ ಹಾಳೆಗಳೇ ಹರಿದುಹೋಗಿವೆ. ‘ಎಕ್ಸಿಬಿಷನ್’ ಕೂಡ ಆಗುತ್ತದೆ, ಆದರೆ ನನಗೆ ಹಿಡಿಸಿದ್ದು ಇನ್ನೊಂದು. ‘ಇನೆಕ್ಸಾಸ್ಟಿಬಲ್’. ಟಿ, ಎನ್, ಬಿ, ಎಕ್ಸ್ ನಾಲ್ಕೂ ಇವೆ, ಎಣಿಸಿ ನೋಡಿದ್ದೇನೆ. ಎಷ್ಟು ಖರ್ಚಾದರೂ ಮುಗಿಯದ್ದು ಎಂದು ಅರ್ಥ.

ಮಾವನಿಗೆ ಹೇಳಿಲ್ಲ. ಇಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ನೀವೂ ಹೇಳಬೇಡಿ.