ಫ್ರಿಜ್ಜಿನೊಳಗೆ ಗಟಾರ

“ಇವತ್ತ ಆ ಬಾಟ್ಲಿ ಹೊರಗ ಹೋಗ್ಬೇಕು, ಇಲ್ಲಾ ನಾ ಹೋಗ್ಬೇಕು,” ಎಂದು ಸೋಮವ್ವ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಳು.

ಒಳಗೆ, ಮೊಸರಿನ ಡಬ್ಬಿಗೂ ಕೆಂಪು ಚಟ್ನಿಗೂ ನಡುವೆ, ಮುಂಬಯಿಯ ಚೆಂಬೂರಿನ ಗಟಾರದ ನೀರು ಬಾಟ್ಲಿಯಲ್ಲಿ ಠೀವಿಯಿಂದ ಕೂತಿತ್ತು. ಕಾಗೆಗಳೂ ಉಸಿರು ಬಿಗಿಹಿಡಿದು ದಾಟುವ ಗಟಾರ ಅದು. ನೀರು ತಪಾಸಣೆಯ ಲ್ಯಾಬಿನ ಪ್ಯೂನ್ ಆಗಿದ್ದ ಅವಳ ಗಂಡ ಶೆಟ್ಟೆಪ್ಪ ಸ್ಯಾಂಪಲ್ ತುಂಬಿಕೊಂಡು ಹೋಗುವಷ್ಟರಲ್ಲಿ ಲ್ಯಾಬು ಮುಚ್ಚಿತ್ತು; ಬಾಟ್ಲಿ ಮನೆಯ ಫ್ರಿಜ್ಜಿಗೆ ಬಂತು.

ಶೆಟ್ಟೆಪ್ಪ: ಹೊರಗಿಟ್ರ ಬ್ಯಾಕ್ಟೀರಿಯಾ ಒಂದಕ್ಕ ಲಕ್ಷ ಆಗ್ತಾವ. ಲೆಕ್ಕ ತಪ್ಪಿ ನನ್ನ ನೌಕರಿ ಹೋಗ್ತದ.

ಸೋಮವ್ವ: ಒಳಗಿಟ್ರ ನನ್ನ ಮೊಸರಿಗೆ ಬೀಗರಾಗಿ ಬರ್ತಾವ.

ಶೆಟ್ಟೆಪ್ಪ: ಬೂಚು ಗಟ್ಟಿ ಹಾಕೀನಿ. ಟೈಫಾಯ್ಡು, ಕಾಲರಾ ಎಲ್ಲಾ ಒಳಗ ಕೈ ಕಟ್ಟಿ ಕುಂತಾವ.

ಸೋಮವ್ವ: ಮೊದಲೇ ನಾಕು ದಿನದಿಂದ ನಿಮ್ಮ ಹೊಟ್ಟಿ ಕೆಟ್ಟದ.

ಶೆಟ್ಟೆಪ್ಪ: ಅದು ನಿನ್ನ ಚಟ್ನಿ ಪ್ರತಾಪ.

ಸೋಮವ್ವ: ನೀರು ಕುದಿಸಿ ಕುಡೀರಿ ಅಂತ ಬಡ್ಕೊಂಡೆ.

ಶೆಟ್ಟೆಪ್ಪ: ಇಪ್ಪತ್ತು ವರ್ಷ ಲ್ಯಾಬಿನಾಗ ಕಸಾ ಹೊಡದೀನಿ. ನೀರಿನ ಮಾರಿ ನೋಡಿ ಜಾತಕ ಹೇಳ್ತೀನಿ. ನಮ್ಮ ನಳದ್ದು ಅಮೃತ.

ಹೀಗೆಂದು ನಳದಿಂದ ಲೋಟ ತುಂಬಿ ಗಟಗಟ ಕುಡಿದವನು, ಅಮೃತದ ಮಹಿಮೆಯಿಂದ ಚಾಳಿನ ಕೊನೆಯ ಪಾಯಖಾನೆಗೆ ಓಡಿದ.

ಮರುದಿನ ಬಾಟ್ಲಿ ಲ್ಯಾಬಿಗೆ ಹೋಯಿತು. ಮೂರನೆಯ ಸಂಜೆ ಅವನು ಮುಂಬಯಿಯನ್ನೇ ಗೆದ್ದವನಂತೆ ಮನೆಗೆ ಬಂದ.

ಶೆಟ್ಟೆಪ್ಪ: ರಿಪೋರ್ಟ್ ಬಂತು. ಬಾಟ್ಲಿ ತುಂಬ ಮಲದ ಬ್ಯಾಕ್ಟೀರಿಯಾ. ಇದನ್ನ ಕುಡದಾವ ಟಿಕೀಟ್ ಇಲ್ಲದ ಕೈಲಾಸಕ್ಕ ಹೋಗ್ತಾನ ಅಂದ್ರು ಸಾಹೇಬ್ರು. ನಾಳೆನ ಗಟಾರ ತೊಳಸ್ತಾರಂತ.

ಸೋಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

ಸೋಮವ್ವ: ಗಟಾರದ ನೀರು ನಾ ಅವತ್ತ ಪಾಯಖಾನ್ಯಾಗ ಚೆಲ್ಲಿದೆ.

ಶೆಟ್ಟೆಪ್ಪ: ಮತ್ತ ಬಾಟ್ಲ್ಯಾಗ ಇದ್ದದ್ದು?

ಸೋಮವ್ವ: ಬಾಟ್ಲಿ ಕುದಿಯೋ ನೀರಾಗ ತೊಳದು ನಿಮ್ಮ ಅಮೃತ ತುಂಬಿದೆ. ಬಣ್ಣಕ್ಕ ಎರಡು ಚಮಚ ಚಾ.

ಹೆಸರು ಹಿಡಿದು ಕರೆದಂತೆ ಶೆಟ್ಟೆಪ್ಪನ ಹೊಟ್ಟೆ ಗುಡುಗಿತು.

ಸೋಮವ್ವ: ಸಾಹೇಬ್ರಿಗೆ ಖರೆ ಹೇಳ್ರಿ. ಗಟಾರ ತೊಳದು ಏನ್ ಮಾಡ್ತಾರ? ಒಡದದ್ದು ನಮ್ಮ ನಳದ ಪೈಪು. ಇಡೀ ಚಾಳು ಇದನ್ನ ಕುಡೀತದ.

ಶೆಟ್ಟೆಪ್ಪ: ನೌಕರಿ ಹೋಗ್ತದಲೇ. ಸುಮ್ನಿರು.

ಅವಳು ನಳದಿಂದ ಒಂದು ಲೋಟ ತುಂಬಿ ತಂದು ಗಂಡನ ಮುಂದಿಟ್ಟಳು.

ಸೋಮವ್ವ: ದಣದು ಬಂದೀರಿ. ಕುಡೀರಿ.

ಶೆಟ್ಟೆಪ್ಪ ಲೋಟದೊಳಗೆ ಇಣುಕಿದ. ಲೋಟದೊಳಗಿಂದ ಲಕ್ಷಾಂತರ ಕಣ್ಣುಗಳು ಅವನನ್ನು ನೋಡಿದವು. ಕೈ ತಾನಾಗಿಯೇ ಮೊಬೈಲಿಗೆ ಹೋಯಿತು.

ಶೆಟ್ಟೆಪ್ಪ: ಹಲೋ, ಸಾಹೇಬ್ರ? ಆ ಗಟಾರದ ಮ್ಯಾಲಿನ ಕೇಸು ವಾಪಸ್ ತಗೋರಿ. ಆರೋಪಿ ನಮ್ಮ ನಳದಾಗ ಸಿಕ್ಕಾನ.

ಸೋಮವ್ವ: ಚಟ್ನೀದೂ ತಪ್ಪಿಲ್ಲ ಅಂತ ಹೇಳ್ರಿ.